ಕೇರಿಯ ಕೂಸು ಭೇದಿಯಿಂದ ಯಾಕೆ ಸಾಯಬೇಕು?



ಹೋದ ವರ್ಷ ಮೊದಲ ಮಳೆ ಬಿದ್ದ ವಾರದಲ್ಲಿ ನಮ್ಮ ಹಾಸ್ಟೆಲಿನ ಒಬ್ಬ ಹುಡುಗ ಊರಿಗೆ ಹೋಗಿ ಮೂರು ದಿನ ಬಿಟ್ಟು ವಾಪಸ್ ಬಂದ. ಬಂದವನು ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತ. ಏನಾಯ್ತೋ ಎಂದು ಕೇಳಿದರೆ, ಅಕ್ಕನ ಕೂಸು ಹೋಯ್ತು ಅಂದ. ಹತ್ತು ತಿಂಗಳ ಹೆಣ್ಣು ಕೂಸು. ಎರಡು ದಿನ ಭೇದಿ, ಒಂದು ರಾತ್ರಿ ವಾಂತಿ, ಮಾರನೇ ಬೆಳಿಗ್ಗೆ ಕೂಸು ಕಣ್ಣು ಬಿಡಲಿಲ್ಲ.

"ಹಲ್ಲು ಬರೋ ಭೇದಿ ಕಣಪ್ಪ, ತಾನಾಗೇ ನಿಂತೋಯ್ತದೆ ಅಂದ್ಲು ಅಜ್ಜಿ. ನೀರು ಕುಡಿಸಿದ್ರೆ ಇನ್ನೂ ಜಾಸ್ತಿ ಆಯ್ತದೆ ಅಂತ ನೀರೂ ಕೊಡ್ಲಿಲ್ಲ. ಮೊದಲ ದಿನಾನೇ ನಂಗೆ ಫೋನ್ ಮಾಡಿದ್ರು. ನಾಳೆ ಡಾಕ್ಟ್ರತ್ರ ತೋರ್ಸಿ ಅಂತ ಹೇಳಿ ಇಟ್ಬಿಟ್ಟೆ." ಇದನ್ನು ಹೇಳುವಾಗ ಅವನ ಗಂಟಲು ಕಟ್ಟಿತು. ಅವನು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾನೆ. ಕರುಳಿನಲ್ಲಿ ಉಪ್ಪು, ಸಕ್ಕರೆ, ನೀರು ಹೇಗೆ ಒಳಗೆ ಹೋಗುತ್ತವೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು. ಅದನ್ನು ಅಕ್ಕನಿಗೆ ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಬಹುದಾಗಿತ್ತು ಎಂಬುದು ಅವನಿಗೂ ಹೊಳೆಯಲಿಲ್ಲ. ಅವನೊಬ್ಬನ ತಪ್ಪಲ್ಲ ಇದು. ಅವನ ಜಾಗದಲ್ಲಿದ್ದಿದ್ದರೆ ನಮಗೂ ಹೊಳೆಯುತ್ತಿರಲಿಲ್ಲ. ಅದಕ್ಕೇ ಈ ಲೇಖನ.

ಮುಂದಿನ ಭಾನುವಾರ ನಾವು ಹತ್ತು ಹದಿನೈದು ಜನ ಕೂತು ಇದನ್ನೇ ಮಾತಾಡಿದೆವು. ನರ್ಸಿಂಗ್ ಓದುವ ಒಬ್ಬಳು ತಂಗಿ ತನ್ನ ಪಾಠದ ಪುಸ್ತಕ ತಂದಿದ್ದಳು. ಅದರಲ್ಲಿ ಎಳೆ ಮಕ್ಕಳ ಭೇದಿಗೆ ದಾರಿ ಮಾಡಿಕೊಡುವ ಕಾರಣಗಳ ಪಟ್ಟಿ ಇತ್ತು. ಎರಡು ವರ್ಷದೊಳಗಿನ ವಯಸ್ಸು. ಹುಟ್ಟುವಾಗ ಕಡಿಮೆ ತೂಕ. ಅಪೌಷ್ಟಿಕತೆ. ಎದೆಹಾಲು ಬೇಗ ಬಿಡಿಸುವುದು. ಬಾಟಲಿ ಹಾಲು. ಮಾಡಿಟ್ಟ ತಂಗಳು ಆಹಾರ. ಕೊಳಕು ನೀರು. ಕಕ್ಕಸು ಇಲ್ಲದಿರುವುದು. ಕೈ ತೊಳೆಯದಿರುವುದು. ಒಂದೇ ಕೋಣೆಯಲ್ಲಿ ಹೆಚ್ಚು ಜನ. ದಡಾರ. ಕೊನೆಗೆ, ತಾಯಿಯ ಅವಿದ್ಯೆ.

ಪಟ್ಟಿಯಲ್ಲಿ ಸುಳ್ಳಿಲ್ಲ. ಒಂದೊಂದೂ ದೇಶವಿದೇಶಗಳಲ್ಲಿ ಅಳೆದು ತೂಗಿ ಬರೆದದ್ದು. ಆದರೆ ಪಟ್ಟಿ ಓದಿ ಮುಗಿಸಿದಾಗ ನಮ್ಮಲ್ಲೊಬ್ಬ, "ಇದು ಕಾಯಿಲೆ ಪಟ್ಟಿ ಅಲ್ಲ ಕಣ್ರೋ, ನಮ್ಮ ಕೇರಿ ವಿಳಾಸ" ಅಂದ. ಯಾರೂ ನಗಲಿಲ್ಲ.

ಆದ್ದರಿಂದ ಈ ಪಟ್ಟಿಯನ್ನು ಕೇರಿಯಲ್ಲಿ ನಿಂತು ಇನ್ನೊಂದು ಸಲ ಓದೋಣ.

ಮೊದಲು ವಯಸ್ಸು. ಆರು ತಿಂಗಳಿಂದ ಎರಡು ವರ್ಷದವರೆಗಿನ ಕೂಸಿಗೆ ಭೇದಿ ಹೆಚ್ಚು. ತಾಯಿಯ ಹೊಟ್ಟೆಯಲ್ಲಿ ಇದ್ದಾಗ ಬಂದ ರೋಗ ತಡೆಯುವ ಶಕ್ತಿ ಆರು ತಿಂಗಳ ಹೊತ್ತಿಗೆ ಕರಗಿರುತ್ತದೆ, ಕೂಸಿನ ಸ್ವಂತ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ಮೇಲಾಹಾರ ಶುರುವಾಗುವುದು, ಕೂಸು ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದು ಆಗಲೇ. ಹಲ್ಲು ಮೂಡುವುದೂ ಆಗಲೇ. ಅದಕ್ಕೇ ನಮ್ಮ ಅಜ್ಜಿಯರು ಹಲ್ಲಿಗೂ ಭೇದಿಗೂ ಗಂಟು ಹಾಕಿದರು. ಭೇದಿ ಬರುವುದು ಹಲ್ಲಿನಿಂದಲ್ಲ, ಬಾಯಿಗೆ ಹೋದ ಹೊಲಸಿನಿಂದ. ಸಿಮೆಂಟಿನ ನೆಲ ಇರುವ ಮನೆಯ ಕೂಸು ತೆವಳುವುದು ಬೇರೆ, ಊರಿನ ಬಚ್ಚಲ ನೀರೆಲ್ಲ ಹರಿದು ಬಂದು ನಿಲ್ಲುವ ತಗ್ಗಿನ ಕೇರಿಯಲ್ಲಿ, ಕೋಳಿ ಮೇಕೆ ಓಡಾಡುವ ಮಣ್ಣಿನ ಮೇಲೆ ನಮ್ಮ ಕೂಸು ತೆವಳುವುದು ಬೇರೆ. ಊರು ಎತ್ತರದಲ್ಲಿ, ಕೇರಿ ತಗ್ಗಿನಲ್ಲಿ ಯಾಕಿದೆ ಎಂದು ಯಾವ ವೈದ್ಯಪುಸ್ತಕವೂ ಕೇಳುವುದಿಲ್ಲ.

ಎರಡನೆಯದು ಹಾಲು. ಮೊದಲ ಆರು ತಿಂಗಳು ತಾಯಿ ಹಾಲು ಬಿಟ್ಟು ಬೇರೇನೂ, ನೀರು ಕೂಡ, ಕೂಸಿಗೆ ಬೇಡ. ಅದರಲ್ಲಿ ಆಹಾರವೂ ಇದೆ, ನೀರೂ ಇದೆ, ರೋಗ ತಡೆಯುವ ಗುಣವೂ ಇದೆ. ಹೆತ್ತ ಕೂಡಲೆ ಬರುವ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಮನೆಗಳು ನಮ್ಮಲ್ಲೂ ಇವೆ. ಅದು ತಪ್ಪು, ಅದೇ ಕೂಸಿನ ಮೊದಲ ಲಸಿಕೆ ಇದ್ದ ಹಾಗೆ. ಬಾಟಲಿ ಹಾಲಿನ ಕತೆ ಬೇರೆ. ಬಾಟಲಿಯನ್ನೂ ಅದರ ರಬ್ಬರನ್ನೂ ಪ್ರತಿ ಸಲ ಕುದಿಸಬೇಕು, ಕುದಿಸಲು ಸೌದೆ ಬೇಕು, ನೀರು ಬೇಕು, ಹೊತ್ತು ಬೇಕು. ಹಾಲಿನ ಪುಡಿ ಮಾರುವ ಕಂಪನಿಗಳು ಬಡ ದೇಶಗಳಲ್ಲಿ ಮಾಡಿದ ಜಾಹಿರಾತಿನಿಂದ ಎಷ್ಟೋ ಕೂಸುಗಳು ಸತ್ತವೆಂದು ಪ್ರಪಂಚದಲ್ಲೆಲ್ಲ ಕೂಗೆದ್ದ ಮೇಲೆ 1981ರಲ್ಲಿ ವಿಶ್ವ ಆರೋಗ್ಯ ಸಭೆ ಅದಕ್ಕೊಂದು ನಿಯಮಾವಳಿ ಮಾಡಿತು. ನಮ್ಮ ದೇಶದಲ್ಲಿ 1992ರಲ್ಲಿ ಕಾನೂನೇ ಬಂತು.

ಸರಿ, ಆರು ತಿಂಗಳು ಎದೆಹಾಲು ಕೊಡಿ ಎನ್ನುತ್ತಾರೆ. ಯಾರು ಕೊಡಬೇಕು? ನೌಕರಿಯಲ್ಲಿರುವ ಹೆಂಗಸಿಗೆ 2017ರಿಂದ 26 ವಾರ ಸಂಬಳದ ರಜ ಇದೆ. ಅಂದರೆ ಆರು ತಿಂಗಳು, ಲೆಕ್ಕ ಸರಿಹೋಯಿತು. ಆದರೆ ಗದ್ದೆಯಲ್ಲಿ ನಾಟಿ ಹಾಕುವ ನಮ್ಮ ಅಕ್ಕನಿಗೆ ರಜ ಕೊಡುವವರು ಯಾರು? ಬಾಣಂತನ ಒಂದೆರಡು ತಿಂಗಳೂ ತುಂಬುವ ಮೊದಲೆ ಅವಳು ಕೂಲಿಗೆ ಹೋಗಬೇಕು. ಬೆಳಿಗ್ಗೆ ಏಳಕ್ಕೆ ಹೋದವಳು ಸಂಜೆ ಐದಕ್ಕೆ ಬರುತ್ತಾಳೆ. ಅಷ್ಟು ಹೊತ್ತು ಕೂಸಿನ ಹೊಟ್ಟೆಗೆ ಬೆಳಿಗ್ಗೆ ಕಾಯಿಸಿಟ್ಟ ರಾಗಿ ಗಂಜಿ. ಅದನ್ನು ಕುಡಿಸುವವಳು ಏಳೆಂಟು ವರ್ಷದ ಅಕ್ಕ, ಅವಳೂ ಶಾಲೆ ಬಿಟ್ಟು ಕೂತಿರುತ್ತಾಳೆ. ಬೆಚ್ಚಗಿನ ಗಂಜಿಯಲ್ಲಿ ಕ್ರಿಮಿಗಳು ಅರ್ಧ ಗಂಟೆಗೊಂದು ಸಲ ದುಪ್ಪಟ್ಟಾಗಬಲ್ಲವು. ಬೆಳಿಗ್ಗೆ ಹತ್ತಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಸಾವಿರಗಟ್ಟಲೆ. ಪುಸ್ತಕದಲ್ಲಿ ಇದಕ್ಕೆ "ತಂಗಳು ಆಹಾರ" ಎಂದು ಹೆಸರು. ನಾವು ಇದಕ್ಕೆ ಇಡುವ ಹೆಸರು ಕೂಲಿ. 2005ರ ಉದ್ಯೋಗ ಖಾತರಿ ಕಾಯಿದೆಯಲ್ಲಿ ಕೆಲಸದ ಜಾಗಕ್ಕೆ ಐದು ಎಳೆ ಮಕ್ಕಳು ಬಂದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಡಬೇಕೆಂದು ಬರೆದಿತ್ತು. ನಿಮ್ಮೂರಲ್ಲಿ ಆ ಹೆಂಗಸನ್ನು ಯಾರಾದರೂ ಕಂಡಿದ್ದರಾ? 2023ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆಯುವ ಯೋಜನೆ ತಂತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯಾ, ಇದ್ದರೆ ಕೇರಿಯ ಕೂಸುಗಳು ಅಲ್ಲಿ ಇವೆಯಾ, ಹೋಗಿ ನೋಡಿ.

ಮೂರನೆಯದು ನೀರು. ಮನೆಮನೆಗೆ ನಲ್ಲಿ ಎಂಬ ಯೋಜನೆ 2019ರಲ್ಲಿ ಬಂತು, ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂದರು. ನಲ್ಲಿ ಬಂದ ಕಡೆ ನಮಗೆ ಸಂತೋಷವೇ. ಆದರೆ ನಲ್ಲಿ ಬಂದ ಮಾತ್ರಕ್ಕೆ ನೀರು ಬಂತು ಅಂತಲ್ಲ, ನೀರು ಬಂದ ಮಾತ್ರಕ್ಕೆ ಅದು ಶುದ್ಧ ಅಂತಲೂ ಅಲ್ಲ. ಊರ ಟ್ಯಾಂಕಿನಿಂದ ಹೊರಟ ಪೈಪು ಕೇರಿಗೆ ತಲುಪುವುದು ಕೊನೆಗೆ. ನೀರುಗಂಟಿ ವಾಲ್ವು ತಿರುಗಿಸುವುದೂ ಕೊನೆಗೆ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಪೈಪು ಚರಂಡಿಯೊಳಗೆ ಹಾದು ಹೋಗಿ ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿದ್ದರೆ ಹೊರಗಿನ ಕೊಳಚೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಬಿಂದಿಗೆಗೆ ಬೀಳುವುದು ಅದೇ. "ಮೊದಲ ಎರಡು ಬಿಂದಿಗೆ ಚೆಲ್ಲಿ" ಎಂದು ಆರೋಗ್ಯ ಇಲಾಖೆಯವರು ಹೇಳಬಹುದು. ಬರೋದೇ ನಾಲ್ಕು ಬಿಂದಿಗೆ ಆದರೆ ಎರಡು ಚೆಲ್ಲುವ ಧೈರ್ಯ ಯಾವ ತಾಯಿಗಿದೆ? ಟ್ಯಾಂಕಿಗೆ ಹಾಕಿದ ಕ್ಲೋರಿನ್ ದಾರಿಯುದ್ದಕ್ಕೂ ಕರಗುತ್ತಾ ಹೋಗುತ್ತದೆ. ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು ಎಂಬುದು ನಿಯಮ. ಕೊನೆಯ ನಲ್ಲಿ ಎಂದರೆ ನಮ್ಮ ನಲ್ಲಿ. ಅಲ್ಲಿಗೆ ಬಂದು ಯಾರಾದರೂ ಪರೀಕ್ಷೆ ಮಾಡಿದ್ದನ್ನು ನಾವು ಕಂಡಿಲ್ಲ.

2023ರ ಆಗಸ್ಟ್ ತಿಂಗಳ ಮೊದಲ ವಾರ ನೆನಪಿಸಿಕೊಳ್ಳಿ. ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದ ಜನ ವಾಂತಿಭೇದಿಯಿಂದ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅದು ನಮ್ಮ ಜನರ ಕೇರಿ. ಅದು ಬೆಟ್ಟದ ತುದಿಯ ಹಳ್ಳಿಯಲ್ಲ, ಜಿಲ್ಲಾ ಕೇಂದ್ರದ ನಗರದೊಳಗಿನ ಬಡಾವಣೆ. ಸತ್ತ ಮೇಲೆ ಮಂತ್ರಿಗಳು, ಅಧಿಕಾರಿಗಳು, ಪರಿಹಾರ ಎಲ್ಲ ಬಂದವು. ಸಾಯುವ ಮೊದಲೇ ಬರಬೇಕಾಗಿದ್ದದ್ದು ಶುದ್ಧ ನೀರು.

ನಾಲ್ಕನೆಯದು ಕಕ್ಕಸು. 2011ರ ಜನಗಣತಿ ಹೇಳಿದ್ದನ್ನು ನೋಡಿ. ದೇಶದ ಒಟ್ಟು ಮನೆಗಳಲ್ಲಿ ನೂರಕ್ಕೆ 47ರಷ್ಟು ಮನೆಗೆ ಕಕ್ಕಸು ಇತ್ತು, ಪರಿಶಿಷ್ಟ ಜಾತಿಯ ಮನೆಗಳಲ್ಲಿ ನೂರಕ್ಕೆ ಸುಮಾರು 34ಕ್ಕೆ. ಮನೆ ಆವರಣದಲ್ಲೇ ಕುಡಿಯುವ ನೀರು ಇದ್ದದ್ದು ಒಟ್ಟಿನಲ್ಲಿ ನೂರಕ್ಕೆ 47ಕ್ಕೆ, ನಮ್ಮವರಲ್ಲಿ ಸುಮಾರು 35ಕ್ಕೆ. ಆಮೇಲೆ 2014ರಲ್ಲಿ ಸ್ವಚ್ಛ ಭಾರತ ಬಂತು, ಲಕ್ಷಗಟ್ಟಲೆ ಕಕ್ಕಸು ಕಟ್ಟಿದರು, 2019ರ ಅಕ್ಟೋಬರ್ 2ಕ್ಕೆ ಬಯಲು ಶೌಚ ಮುಗಿಯಿತು ಎಂದು ಸಾರಿದರು. ಅದೇ 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಳ್ಳೆಯ ಕಕ್ಕಸು ವ್ಯವಸ್ಥೆ ಇದ್ದದ್ದು ನೂರಕ್ಕೆ 70 ಮನೆಯವರಿಗೆ ಮಾತ್ರ. ಕೇರಿಯಲ್ಲಿ ಕಟ್ಟಿದ ಎಷ್ಟೋ ಕಕ್ಕಸುಗಳಲ್ಲಿ ಸೌದೆ, ಹುಲ್ಲು ತುಂಬಿಟ್ಟಿದ್ದಾರೆ ಎಂದು ನಗುವವರಿದ್ದಾರೆ. ಕುಡಿಯಲು ನಾಲ್ಕು ಬಿಂದಿಗೆ ಬರುವ ಮನೆಯಲ್ಲಿ ಕಕ್ಕಸಿಗೆ ಎರಡು ಬಿಂದಿಗೆ ಎಲ್ಲಿಂದ ಬರಬೇಕು ಎಂದು ನಗುವವರು ಯೋಚಿಸುವುದಿಲ್ಲ.

ಇಲ್ಲಿ ಇನ್ನೊಂದು ಮಾತಿದೆ. ಈ ದೇಶದ ಹೊಲಸನ್ನು ಸಾವಿರಾರು ವರ್ಷ ತಲೆ ಮೇಲೆ ಹೊತ್ತವರು ನಾವು. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಂತ್ರಿಯಾಗಿದ್ದಾಗ ಈ ನಾಡಿನಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶಕ್ಕೆ ಅದರ ಕಾನೂನು ಬರಲು 1993ರವರೆಗೆ, ಮತ್ತೆ ಬಲವಾದ ಕಾನೂನು ಬರಲು 2013ರವರೆಗೆ ಕಾಯಬೇಕಾಯಿತು. ಊರನ್ನು ಶುದ್ಧವಾಗಿಟ್ಟವರ ಮಕ್ಕಳೇ ಊರಿನ ಹೊಲಸು ಕುಡಿದು ಸಾಯುತ್ತಿದ್ದಾರೆ. ಮತ್ತೆ ಅದೇ ಜನಕ್ಕೆ "ಶುಚಿತ್ವ ಗೊತ್ತಿಲ್ಲ" ಎಂದು ಪಾಠ ಹೇಳಲು ಬರುತ್ತಾರೆ.

ಈಗ ಪಟ್ಟಿಯ ಕೊನೆಯ ಮಾತಿಗೆ ಬರೋಣ, ತಾಯಿಯ ಅವಿದ್ಯೆ. ತಾಯಿ ಓದಿದ್ದರೆ ಕೂಸು ಬದುಕುವುದು ಹೆಚ್ಚು ಎಂಬುದು ನಿಜ. ಸಾಬೂನು ಹಚ್ಚಿ ಕೈ ತೊಳೆದರೆ ಭೇದಿ ಮೂರನೇ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ ಎಂಬುದೂ ನಿಜ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವಿದ್ಯೆ ಎಂಬುದು ಆಕಾಶದಿಂದ ಉದುರಿದ್ದಲ್ಲ. ವೇದ ಕೇಳಿದ ಶೂದ್ರರ ಕಿವಿಗೆ ಕಾದ ಸೀಸ ಹೊಯ್ಯಿರಿ ಎಂದು ಧರ್ಮಶಾಸ್ತ್ರ ಬರೆದವರು ನಮ್ಮ ಅವ್ವಂದಿರಲ್ಲ. ಮನೆಮನೆಗೆ ಹೋಗಿ ಬುದ್ಧಿ ಹೇಳಿದರೆ, ಸಾಬೂನು, ಗುಂಡಿ ಕಕ್ಕಸು, ಕ್ಲೋರಿನ್ ಕೊಟ್ಟರೆ ಸಾಕೇ ಎಂದು ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಸಾವಿರಾರು ಕುಟುಂಬಗಳ ಮೇಲೆ ದೊಡ್ಡ ಪರೀಕ್ಷೆಗಳು ನಡೆದವು. ಫಲಿತಾಂಶ 2018-19ರಲ್ಲಿ ಹೊರಬಂತು. ಬಾಂಗ್ಲಾದೇಶದಲ್ಲಿ ಭೇದಿ ಕಡಿಮೆಯಾಯಿತು. ಕೀನ್ಯಾದಲ್ಲೂ ಜಿಂಬಾಬ್ವೆಯಲ್ಲೂ ಕಡಿಮೆಯಾಗಲಿಲ್ಲ. ಈ ಸಾಮಾನುಗಳಿಂದ ಮಾತ್ರ ಮಕ್ಕಳ ಎತ್ತರ ಮೂರು ಕಡೆಯೂ ಹೆಚ್ಚಲಿಲ್ಲ. ನಮಗೆ ಇದರಿಂದ ತಿಳಿಯುವುದು ಇಷ್ಟು: ಸುತ್ತಲೂ ಕೊಳಚೆ ಬಿಟ್ಟು ಒಂದು ಮನೆಯ ತಾಯಿಗೆ ಕೈ ತೊಳೆ ಎಂದರೆ ಸಾಲದು. ನೀರು, ಚರಂಡಿ, ಕಕ್ಕಸು ಇಡೀ ಕೇರಿಗೆ, ಇಡೀ ಊರಿಗೆ ಬರಬೇಕು. ಅದು ತಾಯಿಯ ಕೈಲಿಲ್ಲ, ಪಂಚಾಯಿತಿಯ ಕೈಲಿದೆ, ಸರ್ಕಾರದ ಕೈಲಿದೆ.

ಭೇದಿ ಮತ್ತು ಹಸಿವು ಒಂದನ್ನೊಂದು ಸಾಕುತ್ತವೆ ಎಂಬುದನ್ನೂ ತಿಳಿಯಬೇಕು. ಹೊಟ್ಟೆಗಿಲ್ಲದ ಕೂಸಿಗೆ ಭೇದಿ ಬೇಗ ಬರುತ್ತದೆ, ಬಂದರೆ ಬೇಗ ಬಿಡುವುದಿಲ್ಲ. ಭೇದಿ ಬಂದ ಕೂಸು ತಿಂದದ್ದು ಮೈಗೆ ಹತ್ತುವುದಿಲ್ಲ, ಇನ್ನೂ ಬಡವಾಗುತ್ತದೆ. ಹೀಗೆ ಕುಗ್ಗಿ ಬೆಳೆದ ಹೆಣ್ಣುಮಗಳು ಮುಂದೆ ಕಡಿಮೆ ತೂಕದ ಕೂಸನ್ನು ಹೆರುತ್ತಾಳೆ. ಅಜ್ಜಿಯ ಹಸಿವು ಮೊಮ್ಮಗಳ ಭೇದಿಯಾಗಿ ಬರುತ್ತದೆ.

ನೀರಿನ ಮಾತು ಬಂದಾಗ ನಮಗೆ ಮಹಾಡ್ ನೆನಪಾಗದೆ ಇರುವುದಿಲ್ಲ. 1923ರಲ್ಲಿ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು ನಿರ್ಣಯ ಮಾಡಿತು. 1924ರಲ್ಲಿ ಮಹಾಡ್ ಪುರಸಭೆ ಚವದಾರ್ ಕೆರೆಯನ್ನು ಕಾಗದದ ಮೇಲೆ ತೆರೆಯಿತು. ಕಾಗದದಿಂದ ಯಾರ ಬಾಯಾರಿಕೆಯೂ ತೀರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ಕೆರೆಯ ನೀರು ಕುಡಿದರು. ಮೇಲ್ಜಾತಿಯವರು ನಮ್ಮ ಜನರನ್ನು ಹೊಡೆದರು. ಆಮೇಲೆ ಕೆರೆಯನ್ನು ಶುದ್ಧ ಮಾಡಲು 108 ಕೊಡ ಪಂಚಗವ್ಯ ಸುರಿದರು. ಅಂದರೆ ಸಗಣಿ, ಗಂಜಲ, ಹಾಲು, ಮೊಸರು. ವಿಜ್ಞಾನ ಓದುವ ನೀವು ಯೋಚಿಸಿ: ಮನುಷ್ಯ ಕುಡಿದ ನೀರು ಅಶುದ್ಧ, ಸಗಣಿ ಸುರಿದ ನೀರು ಶುದ್ಧ! ಆ ಕೆರೆಯ ಹಕ್ಕಿಗಾಗಿ ಕೋರ್ಟಿನಲ್ಲಿ ಹತ್ತು ವರ್ಷ ಹೋರಾಡಬೇಕಾಯಿತು. 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟಿತು. ಕೆರೆ ಬಾವಿಗೆ ಜಾತಿಯ ಅಡ್ಡಿ ಇರಕೂಡದು ಎಂದು ಸಂವಿಧಾನದ 15ನೇ ವಿಧಿಯಲ್ಲೇ ಬರೆಯಿತು.

ಇದೆಲ್ಲ ಹಳೇ ಕತೆ ಅಂತೀರಾ? 2022ರ ನವೆಂಬರಿನಲ್ಲಿ ನಮ್ಮದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಹೆಂಗಸೊಬ್ಬಳು ಮೇಲ್ಜಾತಿ ಬೀದಿಯ ತೊಂಬೆ ನಲ್ಲಿಯಿಂದ ನೀರು ಕುಡಿದಳೆಂದು, ತೊಂಬೆ ಖಾಲಿ ಮಾಡಿ ಗಂಜಲ ಹಾಕಿ ತೊಳೆದರೆಂದು ಪತ್ರಿಕೆಗಳಲ್ಲೆಲ್ಲ ವರದಿಯಾಯಿತು. ಮಹಾಡಿಗೂ ಇದಕ್ಕೂ 95 ವರ್ಷ. ಕೊಡ ಹೋಗಿ ಸಿಂಟೆಕ್ಸ್ ಬಂತು, ಗಂಜಲ ಮಾತ್ರ ಹಾಗೇ ಉಳಿಯಿತು.

ಇಲ್ಲಿಯವರೆಗೆ ಬರೆದದ್ದನ್ನು ಓದಿ ನೀವು ತಲೆ ಆಡಿಸಿ ಎದ್ದುಹೋದರೆ ನಾವು ಬರೆದದ್ದು ದಂಡ. ಯಾಕೆಂದರೆ ವ್ಯವಸ್ಥೆ ಬದಲಾಗುವವರೆಗೆ ಕೂಸು ಕಾಯುವುದಿಲ್ಲ. ಭೇದಿ ಶುರುವಾದ ಕೂಸಿಗೆ ಇರುವುದು ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಆ ಹೊತ್ತಿನಲ್ಲಿ ಭಾಷಣದಿಂದ ಏನೂ ಆಗುವುದಿಲ್ಲ, ಲೋಟ ಚಮಚ ಬೇಕು.

1971ರಲ್ಲಿ ಬಾಂಗ್ಲಾ ಯುದ್ಧದ ಕಾಲ. ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್ ಶಿಬಿರದಲ್ಲಿ ಕಾಲರಾ. ಆಸ್ಪತ್ರೆಯ ನೆಲದ ಮೇಲೆ ವಾಂತಿಭೇದಿಯ ನಡುವೆ ಜನ ಮಲಗಿದ್ದರು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋಯಿತು. ದಿಲೀಪ್ ಮಹಲನಬಿಸ್ ಎಂಬ ಡಾಕ್ಟರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಅಳತೆಯಲ್ಲಿ ನೀರಿಗೆ ಬೆರೆಸಿ ಡ್ರಮ್ಮುಗಳಲ್ಲಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತು ಜನ ಸಾಯುತ್ತಿದ್ದ ಕಡೆ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಕುಡಿಸಿದವರು ಡಾಕ್ಟರುಗಳಲ್ಲ, ಅಣ್ಣ ತಮ್ಮ ಅಕ್ಕ ತಂಗಿಯರು. ಆ ಡಾಕ್ಟರು 2022ರಲ್ಲಿ ತೀರಿಕೊಂಡರು. ಇವತ್ತು ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ ಸಿಗುವ ಓಆರ್‌ಎಸ್ ಪುಡಿ ಅದೇ ಜಾತಿಯದು.

ಅದು ಹೇಗೆ ಕೆಲಸ ಮಾಡುತ್ತದೆ? ಭೇದಿಯಲ್ಲಿ ಕೂಸನ್ನು ಕೊಲ್ಲುವುದು ನೀರು ಮತ್ತು ಉಪ್ಪು ಮೈಯಿಂದ ಹೊರಟುಹೋಗುವುದು. ಬರಿ ನೀರು ಕುಡಿಸಿದರೆ ಕರುಳು ಸರಿಯಾಗಿ ಹೀರುವುದಿಲ್ಲ. ಉಪ್ಪಿನ ಜೊತೆ ತಕ್ಕ ಅಳತೆಯ ಸಕ್ಕರೆ ಇದ್ದರೆ ಕರುಳಿನ ಗೋಡೆ ಎರಡನ್ನೂ ಕೈಹಿಡಿದು ಒಳಕ್ಕೆ ಕರೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿ ತಕ್ಷಣ ನಿಲ್ಲುವುದಿಲ್ಲ, ಆದರೆ ಕೂಸು ಸಾಯುವುದಿಲ್ಲ. "ನೀರು ಕುಡಿಸಿದರೆ ಭೇದಿ ಹೆಚ್ಚುತ್ತೆ" ಎಂಬ ಮಾತನ್ನು ನಮ್ಮ ಕೇರಿಗಳಿಂದ ಓಡಿಸಲೇಬೇಕು. ಈ ಒಂದು ಮಾತು ತಿಂದಷ್ಟು ಕೂಸುಗಳನ್ನು ಯಾವ ಮಾರಿಯೂ ತಿಂದಿರಲಾರಳು.

ಹಾಗಾದರೆ ಇದನ್ನು ಬರೆದಿಟ್ಟುಕೊಳ್ಳಿ, ಮನೆಗೆ ಫೋನ್ ಮಾಡಿ ಹೇಳಿ. ಒಂದು ಲೀಟರ್ ಪೊಟ್ಟಣದ ಓಆರ್‌ಎಸ್ ಪುಡಿಯನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ ಕಲಸಬೇಕು. ಅರ್ಧ ಪುಡಿ ಅರ್ಧ ನೀರು ಎಂದು ಅಂದಾಜು ಮಾಡಬಾರದು. ಒಂದು ದಿನ ಕಳೆದರೆ ಚೆಲ್ಲಿ ಹೊಸದು ಮಾಡಬೇಕು. ಎರಡು ವರ್ಷದೊಳಗಿನ ಕೂಸಿಗೆ ಒಂದೊಂದು ಸಲ ಭೇದಿಯಾದ ಮೇಲೂ 50ರಿಂದ 100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ 100ರಿಂದ 200. ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಇನ್ನೂ ನಿಧಾನವಾಗಿ ಕೊಡಬೇಕು. ಪುಡಿ ಸಿಗದ ರಾತ್ರಿಯಲ್ಲಿ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಉಪ್ಪು ಹೆಚ್ಚಾದರೆ ಅಪಾಯ, ಅದಕ್ಕೇ ಅಳತೆ. ಎದೆಹಾಲು ನಿಲ್ಲಿಸಲೇಬಾರದು, ಊಟವನ್ನೂ ನಿಲ್ಲಿಸಬಾರದು. ಜೊತೆಗೆ ಜಿಂಕ್ ಮಾತ್ರೆ: ಆರು ತಿಂಗಳು ದಾಟಿದ ಕೂಸಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10, ಭೇದಿ ನಿಂತರೂ 14 ದಿನ. ಆಶಾ ಕಾರ್ಯಕರ್ತೆಯ ಹತ್ತಿರ ಎರಡೂ ಇರಬೇಕು. ಇಲ್ಲವಾದರೆ ಯಾಕಿಲ್ಲ ಎಂದು ಮೇಲಿನವರನ್ನು ಕೇಳಬೇಕು. ಅದೇ 2019-21ರ ಸಮೀಕ್ಷೆಯಲ್ಲಿ ಭೇದಿಯಾದ ಮಕ್ಕಳಲ್ಲಿ ನೂರಕ್ಕೆ 61 ಮಕ್ಕಳಿಗೆ ಓಆರ್‌ಎಸ್ ಸಿಕ್ಕಿತ್ತು, ಜಿಂಕ್ ಸಿಕ್ಕಿದ್ದು 31ಕ್ಕೆ ಮಾತ್ರ. ಅಂಗಡಿಯಲ್ಲಿ ಮಾರುವ ಸಿಹಿ ಜ್ಯೂಸ್ ಡಬ್ಬಿಯನ್ನು ಓಆರ್‌ಎಸ್ ಎಂದು ನಂಬಿ ತರಬೇಡಿ. ಅಂಥವಕ್ಕೆ ಆ ಹೆಸರು ಹಾಕಬಾರದೆಂದು 2025ರ ಅಕ್ಟೋಬರಿನಲ್ಲಿ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಮಾಡಿತು.

ಕಣ್ಣು ಒಳಕ್ಕೆ ಹೋದರೆ, ಅತ್ತರೂ ಕಣ್ಣೀರು ಬರದಿದ್ದರೆ, ನೆತ್ತಿ ಗುಳಿ ಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಇಳಿದರೆ, ಕೂಸು ಮಂಕಾಗಿ ಕುಡಿಯಲಾರದೆ ಹೋದರೆ, ಭೇದಿಯಲ್ಲಿ ರಕ್ತ ಬಂದರೆ ನಾಳೆ ಎನ್ನಬಾರದು. ಆ ಗಳಿಗೆಯೇ ಆಸ್ಪತ್ರೆಗೆ. "ನೆತ್ತಿ ಬಿತ್ತು" ಎಂದು ಎಣ್ಣೆ ಹಚ್ಚಿಸುತ್ತಾ ಕೂರುತ್ತಾರಲ್ಲ, ಆ ನೆತ್ತಿ ಗುಳಿ ಬೀಳುವುದು ಮೈಯಲ್ಲಿ ನೀರು ಮುಗಿಯುತ್ತಾ ಬಂದಿದೆ ಎಂಬುದರ ಗುರುತು. ಆರು, ಹತ್ತು, ಹದಿನಾಲ್ಕು ವಾರಕ್ಕೆ ರೋಟಾವೈರಸ್ ಹನಿಯನ್ನೂ ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರದ ಚುಚ್ಚುಮದ್ದನ್ನೂ ಹಾಕಿಸಿದ್ದಾರಾ, ಕಾರ್ಡು ತೆಗೆದು ನೋಡಿ. ರೋಟಾವೈರಸ್ ಅನುಕೂಲಸ್ಥರ ಕೂಸನ್ನೂ ಬಿಡುವುದಿಲ್ಲ. ಆದರೆ ಆ ಕೂಸಿಗೆ ಮನೆ ಮುಂದೆ ಕಾರಿದೆ, ನಮ್ಮ ಕೂಸಿಗೆ ಬೆಳಗಿನ ಬಸ್ಸು ಬರಬೇಕು. ಪ್ರಪಂಚದಲ್ಲಿ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 4 ಲಕ್ಷ 40 ಸಾವಿರ ಮಕ್ಕಳು ಭೇದಿಯಿಂದ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗ ಎಲ್ಲರಿಗೂ ಬರುತ್ತದೆ, ಸಾವು ಮಾತ್ರ ಬಡವರ ಕೇರಿ ಹುಡುಕಿಕೊಂಡು ಹೋಗುತ್ತದೆ.

ಕೊನೆಗೆ ನಮ್ಮ ಬಗ್ಗೆಯೇ ಒಂದು ಮಾತು, ಕಹಿಯಾದರೂ ಹೇಳಬೇಕು. 1973ರ ಬೂಸಾ ಗಲಾಟೆಯಲ್ಲಿ ಏಟು ತಿಂದು ಬೀದಿಗಿಳಿದವರು ನಮ್ಮಂಥ ಹಾಸ್ಟೆಲ್ ಹುಡುಗರು. ಆ ಹಾಸ್ಟೆಲುಗಳಿಂದಲೇ ಚಳವಳಿ ಬೆಳೆಯಿತು. ಇವತ್ತು ನಾವು ಏನು ಮಾಡುತ್ತಿದ್ದೇವೆ? ರಜಕ್ಕೆ ಊರಿಗೆ ಹೋದಾಗ ಕೇರಿಯ ನೀರು ಕುಡಿಯಲು ಹಿಂಜರಿದು ಪೇಟೆಯಿಂದ ಬಾಟಲಿ ನೀರು ಹಿಡಿದುಕೊಂಡು ಹೋಗುವವರು ನಮ್ಮಲ್ಲಿಲ್ಲವೆ? ಅಂದರೆ ನೀರು ಕೆಟ್ಟದ್ದು ಎಂದು ನಮಗೆ ಗೊತ್ತು. ಗೊತ್ತಿದ್ದೂ ನಾವು ಮಾತ್ರ ಬಾಟಲಿ ಕುಡಿದು, ಅಕ್ಕನ ಕೂಸಿಗೆ ಅದೇ ನೀರು ಬಿಟ್ಟು ಬಂದೆವು. ಅವ್ವ ದೂರದಿಂದ ಬಿಂದಿಗೆ ಹೊತ್ತು ತರುವಾಗ ಜಗಲಿ ಮೇಲೆ ಕೂತು ಮೊಬೈಲು ತಿಕ್ಕುತ್ತೇವೆ. ಬಿಂದಿಗೆ ಹೊರುವುದು ಹೆಂಗಸರ ಕೆಲಸ ಅಂತ ಬಾಬಾಸಾಹೇಬರು ಎಲ್ಲಿಯೂ ಹೇಳಲಿಲ್ಲ.

ಆದ್ದರಿಂದ ನಾವು ಆ ಭಾನುವಾರ ಒಂದು ತೀರ್ಮಾನ ಮಾಡಿದೆವು. ನೀವೂ ಮಾಡಿ. ಮುಂದಿನ ರಜದಲ್ಲಿ ಪ್ರತಿಯೊಬ್ಬನೂ ತನ್ನ ಕೇರಿಯಲ್ಲಿ ಐದು ವರ್ಷದೊಳಗಿನ ಮಕ್ಕಳ ಪಟ್ಟಿ ಮಾಡುವುದು. ಹೋದ ಒಂದು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಭೇದಿಯಾಯಿತು, ಎಷ್ಟು ಹೋದವು, ಯಾವ ತಿಂಗಳು, ನೀರು ಎಲ್ಲಿಯದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಪೈಪು ಚರಂಡಿಯಲ್ಲಿ ಎಲ್ಲೆಲ್ಲಿ ಹಾದುಹೋಗಿದೆ, ಎಲ್ಲಿ ಒಡೆದಿದೆ ಎಂದು ನಡೆದು ನೋಡುವುದು. ಟ್ಯಾಂಕು ಯಾವತ್ತು ತೊಳೆದರು, ಕ್ಲೋರಿನ್ ಯಾವತ್ತು ಹಾಕಿದರು, ಕೊನೆಯ ನಲ್ಲಿಯ ನೀರು ಪರೀಕ್ಷೆಯಾಗಿದೆಯೇ ಎಂದು ಪಂಚಾಯಿತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದು. ಗ್ರಾಮಸಭೆಯಲ್ಲಿ ಈ ನೋಟ್‌ಬುಕ್ ಓದುವುದು. ಎಷ್ಟೇ ಗದ್ದಲ ಮಾಡಿದರೂ ಕೂರದೆ ಓದುವುದು. ಏಪ್ರಿಲ್ 14ರ ಜಯಂತಿಗೆ ಎತ್ತಿದ ಹಣದಲ್ಲಿ ಒಂದಿಷ್ಟು ಹಣವನ್ನು ಡಿಜೆಯಿಂದ ಉಳಿಸಿ ಪ್ರತಿ ಬಾಣಂತಿ ಮನೆಗೆ ಒಂದು ಲೀಟರಿನ ಅಳತೆ ಪಾತ್ರೆ, ಒಂದು ಸಾಬೂನು ಕೊಡುವುದು, ಓಆರ್‌ಎಸ್ ಕಲಸುವುದನ್ನು ಎದುರಿಗೇ ಮಾಡಿ ತೋರಿಸುವುದು. ಅಳತೆ ಅಜ್ಜಿಯರಿಗೆ ಮೊದಲು ಕಲಿಸಿ. ಕೇರಿಯಲ್ಲಿ ಅವರ ಮಾತೇ ನಡೆಯುವುದು.

ಅಕ್ಕನ ಕೂಸನ್ನು ಕಳೆದುಕೊಂಡ ಆ ಹುಡುಗ ಮೊದಲ ನೋಟ್‌ಬುಕ್ ಕೊಂಡು ತಂದಿದ್ದಾನೆ. ಮೊದಲ ಪುಟದ ಮೊದಲ ಸಾಲಿನಲ್ಲಿ ಆ ಕೂಸಿನ ಹೆಸರು ಬರೆದಿದ್ದಾನೆ. ಎರಡನೇ ಸಾಲು ಖಾಲಿ ಇದೆ. ಅದು ಖಾಲಿಯೇ ಉಳಿಯಬೇಕು.

ಜೈಭೀಮ್.